ಹದಿನೇಳನೇ ಸೀಸೆ

ತಾಕ್ ಮಿರಾನ್ ಒಂದು ಕಡೆ ನೆಟ್ಟಗೆ ಕೂತಿದ್ದನ್ನು ಕಂಡವರು ಬಂದರು ನಗರ ಬೂಸಾನಿನಲ್ಲಿ ಯಾರೂ ಇರಲಿಲ್ಲ. ಹೆತ್ತ ತಾಯಿಯೂ ಕಂಡಿರಲಿಲ್ಲ. ಗುಡ್ಡದ ಓಣಿಯಲ್ಲಿ ಅವರದೊಂದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ, ಅದರ ಹಿಂದೆ ಒಂದೇ ಕೋಣೆ. ಆ ಕೋಣೆಯಲ್ಲಿ ಊಟಕ್ಕೆ ಕೂತರೂ ಹುಡುಗಿ ಎರಡು ತುತ್ತಿಗೊಮ್ಮೆ ಎದ್ದು ಬಾಗಿಲಾಚೆ ಇಣುಕಿ ಬರುತ್ತಿದ್ದಳು. ಕೂತಷ್ಟು ಹೊತ್ತೂ ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು.

"ಕಾಲು ಅಲ್ಲಾಡಿಸ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕೇ? ಇರೋ ಅದೃಷ್ಟಾನೂ ಉದುರಿ ಹೋಗುತ್ತೆ," ಎಂದು ತಾಯಿ ಚಮಚದಿಂದ ಮಂಡಿಗೊಂದು ಕೊಡುವಳು.

"ಇದ್ರೆ ತಾನೇ ಉದುರೋಕೆ!" ಎನ್ನುವಳು ಮಗಳು.

ಇಂಥವಳು ರಸಾಯನಶಾಸ್ತ್ರ ಓದಲು ಹೋದದ್ದಾದರೂ ಹೇಗೆ? ಆಸೆಪಟ್ಟು ಹೋದದ್ದಲ್ಲ. ಹೈಸ್ಕೂಲಿನ ಮೇಷ್ಟರು ಮಾದರಿ ಪರೀಕ್ಷೆಯ ಅಂಕ ನೋಡಿ, "ಇದಕ್ಕೆ ಅರ್ಜಿ ಹಾಕು, ಇಲ್ಲಿ ನೂಕುನುಗ್ಗಲು ಕಡಿಮೆ" ಎಂದರು. ಹಾಕಿದಳು, ಸಿಕ್ಕಿತು. ಮೀನು ಹಿಡಿಯಲು ಬೀಸಿದ ಬಲೆಗೆ ಹಳೇ ಚಪ್ಪಲಿ ಸಿಕ್ಕಿದರೂ ಮನೆಗೆ ತರುವ ಜನ ನಾವು. ತಾಯಿ ಓಣಿಗೆಲ್ಲ ಅಕ್ಕಿ ಕಡುಬು ಹಂಚಿದಳು.

ತರಗತಿಯಲ್ಲಿ ಪ್ರೊಫೆಸರ್ ಮ್ಯಾಂಗ್ ಬಲಗೈಯಲ್ಲಿ ಬರೆಯುತ್ತ ಎಡಗೈಯಲ್ಲಿ ಒರೆಸುತ್ತ ಹೋಗುವ ಮನುಷ್ಯ. ಎಲೆಕ್ಟ್ರಾನು ಇಲ್ಲಿಂದ ಅಲ್ಲಿಗೆ ಹೋಯಿತು ಎಂದು ಅವರು ಬಾಣ ಎಳೆಯುವಷ್ಟರಲ್ಲಿ ಮಿರಾನಳ ಮನಸ್ಸು ಬಂದರಿಗೆ ಹೋಗಿ ಬಂದಿರುತ್ತಿತ್ತು. ಹತ್ತನೇ ನಿಮಿಷಕ್ಕೆ ಅವಳು ಹಿಂಬಾಗಿಲಿನಿಂದ ಹೊರಗೆ. ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗುವಳು, ಅದೇ ಬಸ್ಸಿನಲ್ಲಿ ವಾಪಸು ಬರುವಳು. ಏನಿತ್ತು ಅಲ್ಲಿ ಎಂದು ಕೇಳಿದರೆ ಏನೂ ಇರಲಿಲ್ಲ ಎನ್ನುವಳು. ಹಾಜರಿ ಕರೆಯುವಾಗ ಅವಳ ಪಾಲಿನ "ಬಂದಿದ್ದೀನಿ ಸಾರ್" ಕೂಗುತ್ತಿದ್ದವನು ಗು ಸಾಂಗ್‌ಡೊ. ಸೈನ್ಯದ ಸೇವೆ ಮುಗಿಸಿ ಮರಳಿ ಓದಲು ಬಂದ, ಅವಳಿಗಿಂತ ನಾಲ್ಕು ವರ್ಷ ದೊಡ್ಡವನಾದ ಗಂಡಸು, ಮೂಗು ಹಿಡಿದುಕೊಂಡು ಹೆಣ್ಣುದನಿ ತೆಗೆಯುತ್ತಿದ್ದ.

ಹಾಜರಿ ಸಿಕ್ಕರಾಯಿತೇ, ಅಂಕಗಳೂ ಬರಬೇಕಲ್ಲ? ಎರಡು ಸೆಮಿಸ್ಟರಿಗೆ ಎರಡು ಎಚ್ಚರಿಕೆ ಪತ್ರ ಮನೆ ಬಾಗಿಲಿಗೆ ಬಂದವು. ಮೂರನೆಯದು ಬಂದರೆ ವಿಶ್ವವಿದ್ಯಾಲಯದ ಪಟ್ಟಿಯಿಂದ ಹೆಸರೇ ತೆಗೆದುಹಾಕುತ್ತಾರೆ.

"ಮೂರನೇ ಕಾಗದ ಬಂತೋ, ಬಂದು ಈ ಇಸ್ತ್ರಿಪೆಟ್ಟಿಗೆ ಹಿಡ್ಕೋ. ನಾನು ಇನ್ನೊಂದು ಮಾತಾಡಲ್ಲ," ಎಂದಳು ತಾಯಿ. ಇನ್ನೊಂದಲ್ಲ, ನೂರು ಮಾತಾಡುವ ಹೆಂಗಸು ಹಾಗೆಂದಳು ಎಂದರೆ ನಿಜಕ್ಕೂ ಹೇಳಿದಳು ಎಂದೇ ಅರ್ಥ.

ತಮಾಷೆಯೆಂದರೆ, ಎರಡನೇ ವರ್ಷದ ಶರತ್ಕಾಲದಲ್ಲಿ ಮಿರಾನಳಿಗೆ ಲ್ಯಾಬು ಹಿಡಿಸಿಬಿಟ್ಟಿತು. ಒಂದು ಮಧ್ಯಾಹ್ನ ಬಿಸಿ ದ್ರಾವಣವನ್ನು ಆರಲು ಇಟ್ಟಿದ್ದಳು. ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ. ಬೇಸರಕ್ಕೆ ಗಾಜಿನ ಕಡ್ಡಿಯಿಂದ ಪಾತ್ರೆಯ ಒಳಗೋಡೆ ಕೆರೆದಳು ನೋಡಿ, ಕೆರೆದಲ್ಲಿಂದ ಸೂಜಿಯಂಥ ಬೆಳ್ಳನೆಯ ಹರಳುಗಳು ಸರಸರ ಎದ್ದು ನೀರಿನಲ್ಲೆಲ್ಲ ತುಂಬಿಕೊಂಡವು. ಬಾಯಿ ತೆರೆದು ನೋಡುತ್ತ ನಿಂತಳು. ತಾನು ಒಂದೂವರೆ ಗಂಟೆಯಿಂದ ನಿಂತೇ ಇದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಕಾಲು ಜೋಮು ಹಿಡಿದಾಗ. ಅಂದಿನಿಂದ ಭಯವೂ ಶುರುವಾಯಿತು. ಬೇಡದ್ದು ಕೈತಪ್ಪಿದರೆ ಯಾರಿಗೇನು? ಬೇಕು ಅನ್ನಿಸಿದ್ದು ಕೈತಪ್ಪಿದರೆ ತಾನೇ ನಷ್ಟ.

ಉಳಿದ ವಿಷಯಗಳ ಅಂಕ ಕೂಡಿಸಿ ಕಳೆದು ನೋಡಿದಳು. ಲ್ಯಾಬಿನ ಕೊನೆಯ ಪ್ರಯೋಗ ಪಾಸಾದರೆ ಉಳಿಯುತ್ತಾಳೆ, ಸೊನ್ನೆ ಬಂದರೆ ಹೋಗುತ್ತಾಳೆ. ನಡುವೆ ಇನ್ನೊಂದು ದಾರಿ ಇರಲಿಲ್ಲ.

ಆ ಕೊನೆಯ ಪ್ರಯೋಗ ಇಷ್ಟೇ: ಬೀರುವಿನಲ್ಲಿ ಒಂದರಿಂದ ಇಪ್ಪತ್ತನಾಲ್ಕರವರೆಗೆ ನಂಬರು ಬರೆದ ಸೀಸೆಗಳು, ಒಂದೊಂದರಲ್ಲೂ ಹೆಸರಿಲ್ಲದ ಬಿಳಿ ಪುಡಿ. ಇಬ್ಬರಿಗೊಂದು ಸೀಸೆ, ವರದಿ ಮಾತ್ರ ಬೇರೆ ಬೇರೆ. ಪುಡಿಯನ್ನು ಶುದ್ಧ ಮಾಡಿ, ಒಣಗಿಸಿ, ಎಷ್ಟು ಡಿಗ್ರಿಗೆ ಕರಗುತ್ತದೆಂದು ಅಳೆದು, ಇದು ಇಂಥದ್ದು ಎಂದು ಹೇಳಬೇಕು. ಮಿರಾನ್ ಮತ್ತು ಸಾಂಗ್‌ಡೊ ಜೋಡಿಗೆ ಬಂದದ್ದು ಹದಿನೇಳು.

ಸಾಂಗ್‌ಡೊ ಸೀಸೆಯ ಮುಚ್ಚಳ ಕೂಡ ತೆಗೆಯಲಿಲ್ಲ. ಚೀಲದಿಂದ ಜೆರಾಕ್ಸ್ ಮಾಡಿದ ಕಟ್ಟೊಂದನ್ನು ತೆಗೆದ. ಹಿರಿಯರಿಂದ ಕಿರಿಯರಿಗೆ ಕೈಯಿಂದ ಕೈಗೆ ಇಳಿದು ಬರುವ ಈ ಕಟ್ಟಿಗೆ ನಮ್ಮ ಹುಡುಗರು 'ವಂಶಾವಳಿ' ಎನ್ನುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ, ಹಳೆಯ ವರದಿ, ಹಳೆಯ ಉತ್ತರ ಎಲ್ಲ ಅದರಲ್ಲಿ. ಯಾವ ವಿಭಾಗಕ್ಕೂ ಅದಿಲ್ಲದೆ ನಡೆಯುವುದಿಲ್ಲ, ಇದೆಯೆಂದು ಯಾರೂ ಬಾಯಿಬಿಡುವುದೂ ಇಲ್ಲ. ಅಜ್ಜಂದಿರ ವಂಶಾವಳಿಯನ್ನಾದರೂ ಪ್ರಶ್ನಿಸಿಯಾರು, ಇದನ್ನು ಪ್ರಶ್ನಿಸಿದವರಿಲ್ಲ.

"ಹದಿನೇಳು... ಬೆಂಜಾಯಿಕ್ ಆಮ್ಲ. ನೂರಿಪ್ಪತ್ತೆರಡು ಡಿಗ್ರಿ. ಮುಗೀತು," ಎಂದ. "ಉತ್ತರದಿಂದ ಹಿಂದಕ್ಕೆ ವರದಿ ಬರ್ಕೊಂಡು ಬರೋಣ. ನಡಿ, ನೂಡಲ್ಸ್ ತಿನ್ನೋಣ."

"ನೀವು ಹೋಗಿ ಅಣ್ಣ. ನಾನೊಂದ್ಸಲ ಅಳೀತೀನಿ."

"ಹುಚ್ಚಾ ನಿಂಗೆ? ಗೊತ್ತಿರೋದನ್ನ ಯಾಕೆ ಅಳೀಬೇಕು?"

"ನಂಗೆ ಗೊತ್ತಿಲ್ವಲ್ಲ."

ಅಳೆದಳು. ಅವಳ ಅವಸರ ಗೊತ್ತೇ ಇದೆಯಲ್ಲ, ಪುಡಿ ಪೂರ್ತಿ ಒಣಗುವ ತನಕ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಹಸಿಹಸಿ ಪುಡಿಯನ್ನೇ ಕೂದಲಿನಷ್ಟು ಸಣ್ಣ ಗಾಜಿನ ಕೊಳವೆಗೆ ತುಂಬಿ, ಎಣ್ಣೆಯಲ್ಲಿ ಇಳಿಬಿಟ್ಟು ಕಾಯಿಸಿದಳು. ನೂರಿಪ್ಪತ್ತನಾಲ್ಕಕ್ಕೆ ಬೆವರತೊಡಗಿತು, ನೂರಿಪ್ಪತ್ತೊಂಬತ್ತಕ್ಕೆ ಕರಗಿತು. ನೋಟ್‌ಬುಕ್ಕಿನ ನಲವತ್ತೆರಡನೇ ಪುಟದಲ್ಲಿ ಹಾಗೆಯೇ ಬರೆದಳು. ಮಾರನೆಯ ದಿನ ಚೆನ್ನಾಗಿ ಒಣಗಿಸಿ ಮತ್ತೆ ಅಳೆದಳು: ನೂರಮೂವತ್ತಮೂರು. ಇನ್ನೊಮ್ಮೆ: ನೂರಮೂವತ್ತಮೂರು. ಪರ್ಮ್ಯಾಂಗನೇಟಿನ ನೇರಳೆ ನೀರಿಗೆ ಚಿಟಿಕೆ ಹಾಕಿದರೆ ನೇರಳೆ ಹಾರಿ ಕಂದು ಗಸಿ ಕೂತಿತು. ಬೆಂಜಾಯಿಕ್ ಆಮ್ಲ ಹಾಗೆ ಮಾಡುವುದಿಲ್ಲ. ಸಿನಮಿಕ್ ಆಮ್ಲ ಮಾಡುತ್ತದೆ. ಅದು ಕರಗುವುದೂ ನೂರಮೂವತ್ತಮೂರಕ್ಕೇ.

ಆ ಸಂಜೆ ಗೇಟಿನ ಬಳಿ, ಕಡ್ಡಿಗೆ ಚುಚ್ಚಿದ ಮೀನಿನ ಒಮುಕ್ ಬೇಯಿಸುವ ಗಾಡಿಯ ಮುಂದೆ ಇಬ್ಬರಿಗೂ ಜಗಳ.

"ಆರು ವರ್ಷದಿಂದ ಎಲ್ರೂ ಬೆಂಜಾಯಿಕ್ ಅಂತಾನೇ ಬರ್ದಿರೋದು, ಎಲ್ರಿಗೂ ಪೂರ್ತಿ ಅಂಕ!" ಎಂದ ಸಾಂಗ್‌ಡೊ. "ಆರು ಬ್ಯಾಚು ದಡ್ಡರು, ನೀನೊಬ್ಳು ಜಾಣೆ, ಅಲ್ವಾ?"

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ನೀವು. ಪುಡಿ ಕರಗಿದ್ದು ನನ್ನ ಕಣ್ಣೆದುರಿಗೆ ಅಣ್ಣ!"

"ನಿನ್ನ ಥರ್ಮಾಮೀಟರೇ ಸರಿ ಇಲ್ದೇ ಇರಬಹುದು. ಮೊದಲ್ನೇ ಸಲ ಎಷ್ಟು ಬಂತು?"

ಮಿರಾನ್ ಬಿಸಿ ಸಾರಿನ ಬಟ್ಟಲಿಗೆ ಮುಖ ಬಗ್ಗಿಸಿದಳು. ನೂರಿಪ್ಪತ್ತನಾಲ್ಕು ಎಂದು ಬಾಯಿಬಿಟ್ಟರೆ ಆಸಾಮಿ ಕುಣಿದಾಡುತ್ತಾನೆ.

"ಒಂದ್ಮಾತು ಕೇಳು ಮಾರಾಯ್ತಿ," ಅವನು ದನಿ ತಗ್ಗಿಸಿದ. "ಸರಿಯೋ ತಪ್ಪೋ, ಅಂಕ ಹಾಕೋದು ಸಹಾಯಕ ಹಾ ಚಾಂಗ್‌ಗಿಲ್. ಅವನ ಹತ್ರ ಇರೋ ಉತ್ತರದಲ್ಲಿ ಬೆಂಜಾಯಿಕ್ ಅಂತಿದ್ರೆ ನಿಂಗೆ ಸೊನ್ನೆ. ಸೊನ್ನೆ ಬಂದ್ರೆ ಏನಾಗುತ್ತೆ ಗೊತ್ತಲ್ಲ? ನಂಗೆ ಬಿಡು, ಮುಂದಿನ ವರ್ಷ ಬರೀತೀನಿ. ನಿಂಗೆ ಮುಂದಿನ ವರ್ಷ ಅನ್ನೋದೇ ಇಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅವಳಿಗೆ ನಾಲ್ಕು ದಿನ ಅನ್ನ ಸೇರಲಿಲ್ಲ. ಅಂಗಡಿಯಿಂದ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಲ್ಯಾಬಿಗೆ, ಲ್ಯಾಬಿನಿಂದ ಮೆಟ್ಟಿಲಿಗೆ ಸುತ್ತಿದ್ದೇ ಸುತ್ತಿದ್ದು. ಒಮ್ಮೆ ಬೆಂಜಾಯಿಕ್ ಎಂದು ಬರೆದು ಹರಿದಳು, ಒಮ್ಮೆ ಸಿನಮಿಕ್ ಎಂದು ಬರೆದು ಹರಿದಳು. ಕೊನೆಗೆ ಸಿನಮಿಕ್ ಎಂದೇ ಬರೆದಳು. ಹಾಗೆ ಬರೆದ ಮೇಲೆ ನೋಟ್‌ಬುಕ್ಕಿನ ನಲವತ್ತೆರಡನೇ ಪುಟ ಹಲ್ಲಿನಲ್ಲಿ ಸಿಕ್ಕ ನಾರಿನಂತೆ ಕಾಡತೊಡಗಿತು. ಎರಡು ಉತ್ತರಗಳ ನಡುವೆ ಬಿದ್ದುಕೊಂಡಿರುವ ಆ ದರಿದ್ರ ಅಂಕಿಯನ್ನು ನೋಡಿದರೆ ಯಾರಾದರೂ, "ನಿನಗೇ ಖಾತ್ರಿ ಇಲ್ಲವಲ್ಲ" ಎಂದುಬಿಟ್ಟರೆ? ಪುಟಗಳಿಗೆ ನಂಬರು ಅಚ್ಚಾಗಿರುತ್ತದೆ. ಒಂದು ಹಾಳೆ ಹರಿದರೂ ಆ ಪ್ರಯೋಗಕ್ಕೆ ಸೊನ್ನೆ ಎಂದು ಪ್ರೊಫೆಸರ್ ಮ್ಯಾಂಗ್ ಮೊದಲ ಪುಟದಲ್ಲೇ ಅಚ್ಚುಹಾಕಿಸಿದ್ದಾರೆ. ಎಲ್ಲ ಗೊತ್ತಿದ್ದೂ ಪರ್ರೆಂದು ಹರಿದಳು. ಹರಿದದ್ದನ್ನು ಬಿಸಾಡುವ ಧೈರ್ಯ ಬರಲಿಲ್ಲ, ಕೋಟಿನ ಜೇಬಿಗೆ ತುರುಕಿಕೊಂಡಳು. ಬುದ್ಧಿ ಅಂದರೆ ಇಷ್ಟು!

ಸಾಂಗ್‌ಡೊ ಬೆಂಜಾಯಿಕ್ ಎಂದೇ ಕೊಟ್ಟ. ಒಂದೇ ಸೀಸೆಗೆ ಎರಡು ಉತ್ತರ ಹೋದವು. ವಾರದ ಮೇಲೆ ಲ್ಯಾಬಿನ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಅವನಿಗೆ ಪೂರ್ತಿ ಅಂಕ, ಅವಳಿಗೆ ಸೊನ್ನೆ.

ಮಿರಾನ್ ನೇರವಾಗಿ ಸಹಾಯಕರ ಕೋಣೆಗೆ ನುಗ್ಗಿದಳು. ಹಿಂದೆಯೇ ಸಾಂಗ್‌ಡೊ ಅವಳ ಕೋಟು ಹಿಡಿದು ಎಳೆಯುತ್ತ ಬಂದ. ಹಾ ಚಾಂಗ್‌ಗಿಲ್ ಪ್ರೊಫೆಸರ್ ಮ್ಯಾಂಗರ ಕೈಕೆಳಗೆ ಸಂಶೋಧನೆ ಮಾಡುತ್ತ, ನಿದ್ದೆಯಿಲ್ಲದೆ ಕಣ್ಣು ಊದಿಸಿಕೊಂಡಿದ್ದ ಮೂವತ್ತರ ಹತ್ತಿರದ ಮನುಷ್ಯ.

"ಪುಡಿ ಅಳೀರಿ ಸಾರ್," ಎಂದಳು.

"ಅಂಕಪಟ್ಟಿ ಐದು ಗಂಟೆಗೆ ಕಚೇರಿಗೆ ಹೋಗ್ಬೇಕು. ನಂಗೆ ಬೇರೆ ಕೆಲಸ ಇಲ್ವಾ?"

"ಇಪ್ಪತ್ತು ನಿಮಿಷ ಸಾಕು. ಅಳೀದೇ ಇದ್ರೆ ನಾನಿಲ್ಲಿಂದ ಕದಲಲ್ಲ."

ಕದಲದೆ ಇರುವುದು ಅವಳ ಜಾಯಮಾನದಲ್ಲೇ ಇಲ್ಲವೆಂದು ಅವನಿಗೇನು ಗೊತ್ತು? ಗೊಣಗುತ್ತ ಎದ್ದು ಹದಿನೇಳನೇ ಸೀಸೆ ತಂದ, ಎಣ್ಣೆ ಕಾಯಲಿಟ್ಟ. ಮೂವರೂ ತಲೆಗೆ ತಲೆ ತಾಗಿಸಿ ನೋಡುತ್ತ ನಿಂತರು. ನೂರಿಪ್ಪತ್ತು. ನೂರಿಪ್ಪತ್ತೆರಡು. ಪುಡಿ ಕಲ್ಲಿನಂತೆ ಕೂತಿತ್ತು. ನೂರಿಪ್ಪತ್ತೈದು, ನೂರಮೂವತ್ತು. ನೂರಮೂವತ್ತಮೂರಕ್ಕೆ ಪುಡಿ ಕುಸಿದು ತಿಳಿನೀರಾಯಿತು.

ಯಾವ ವರ್ಷ ಯಾವ ಪುಣ್ಯಾತ್ಮ ಖಾಲಿ ಸೀಸೆಗೆ ಬೇರೆ ಪುಡಿ ತುಂಬಿಸಿದ್ದನೋ ದೇವರಿಗೇ ಗೊತ್ತು. ಚಾಂಗ್‌ಗಿಲ್ ಥರ್ಮಾಮೀಟರನ್ನು ಮತ್ತೊಮ್ಮೆ ಓದಿ ನೋಡಿದ. ಆಮೇಲೆ ಸಾಂಗ್‌ಡೊ ಕಡೆ ತಿರುಗಿ ಸಿಡಿದ.

"ನೀನು ನೂರಿಪ್ಪತ್ತೆರಡು ಅಂತ ಬರ್ದಿದ್ದೀಯಲ್ಲ, ಎಲ್ಲಿ ನೋಡ್ದೆ? ಯಾರು ಕೊಟ್ರು ಆ ಅಂಕಿ?"

ಸಾಂಗ್‌ಡೊ ಸೈನ್ಯದಲ್ಲಿ ನಿಂತಂತೆ ನೆಟ್ಟಗೆ ನಿಂತ. "ನಾನು ಅಳೆದಿಲ್ಲ ಸಾರ್. ಸುಳ್ಳು ಬರ್ದೆ." ಒಂದು ಕ್ಷಣ ತಡೆದು, ಚೀಲದಿಂದ ವಂಶಾವಳಿಯ ಹಾಳೆ ತೆಗೆದು ಮೇಜಿನ ಮೇಲಿಟ್ಟ. "ಆದ್ರೆ ನಿಮ್ಮ ಕೈಬರಹ ತುಂಬ ಚೆನ್ನಾಗಿದೆ ಸಾರ್."

ಬಾಗಿಲಿಗೆ ಅಂಟಿಸಿದ್ದ ಅಂಕಪಟ್ಟಿಯ ಅಕ್ಷರವೂ ಆ ಹಾಳೆಯ ಅಕ್ಷರವೂ ಒಂದೇ. ಆರು ವರ್ಷದ ಹಿಂದೆ ವಿದ್ಯಾರ್ಥಿಯಾಗಿದ್ದಾಗ ಅವನೇ ಎಲ್ಲಿಂದಲೋ ನಕಲಿಸಿ ಬರೆದುಕೊಂಡದ್ದು, ಸಹಾಯಕನಾದ ಮೇಲೆ ಅದನ್ನೇ ಉತ್ತರಪಟ್ಟಿ ಮಾಡಿಕೊಂಡು ಕೂತಿದ್ದ. ಕುರುಡ ಕುರುಡನ ಕೈಹಿಡಿದು ನಡೆಸಿದಂತಾಗಿತ್ತು ಕಥೆ.

"ನಾನೂ ಒಂದನ್ನೂ ಅಳೆದಿಲ್ಲ," ಎಂದ ಚಾಂಗ್‌ಗಿಲ್, ತನ್ನಷ್ಟಕ್ಕೆ ಹೇಳಿಕೊಂಡಂತೆ. "ಇದನ್ನ ತಿದ್ಬೇಕು ಅಂದ್ರೆ ಒಳಗೆ ಹೋಗಿ ಪ್ರೊಫೆಸರ್ ಮುಂದೆ ಒಪ್ಕೋಬೇಕು. ನಾನು ಅಲ್ಲಿಗೆ ಮುಗಿದೆ."

"ಒಪ್ಕೊಳ್ದೇ ಇದ್ರೆ ನಾನು ಮುಗಿದೆ ಸಾರ್," ಎಂದಳು ಮಿರಾನ್.

ಗಡಿಯಾರದಲ್ಲಿ ನಾಲ್ಕೂಕಾಲು. ಅವನು ಅಂಗಿಯ ಗುಂಡಿ ಹಾಕಿಕೊಂಡು ಪ್ರೊಫೆಸರರ ಕೋಣೆಗೆ ಹೋದ. ಹೋದ ಪಾಪ, ಅದು ಸಣ್ಣ ಮಾತಲ್ಲ. ಕಾರಿಡಾರಿನಲ್ಲಿ ಮಿರಾನ್ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗಿದಳು. ಒಳಗಿನಿಂದ ಬೈಗುಳ ಕೇಳಿದರೂ ಸಮಾಧಾನವಾಗುತ್ತಿತ್ತು, ಅದೂ ಕೇಳಲಿಲ್ಲ. ಅರ್ಧ ಗಂಟೆಯ ಮೇಲೆ ಚಾಂಗ್‌ಗಿಲ್ ಕಿವಿ ಕೆಂಪಗೆ ಮಾಡಿಕೊಂಡು ಬಂದು, "ನಿನ್ನ ಕರೀತಿದ್ದಾರೆ. ನೋಟ್‌ಬುಕ್ ತಗೊಂಡು ಹೋಗು," ಎಂದ.

ಪ್ರೊಫೆಸರ್ ಮ್ಯಾಂಗ್ ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದರು. ಹಾಜರಿಯಲ್ಲಿ ಹೆಸರು ಕರೆದಿದ್ದರೇ ಹೊರತು ಮುಖ ನೋಡಿದ ನೆನಪಿರಲಿಲ್ಲ.

"ಬಾರಮ್ಮ, ಕೂತ್ಕೋ. ಆರು ವರ್ಷದಲ್ಲಿ ಈ ಸೀಸೇನ ಅಳೆದವಳು ನೀನೊಬ್ಬಳೇ ಅಂತೆ. ನಾನೂ ಅಳೆದಿಲ್ಲ. ನಾಚ್ಕೆ ಆಗುತ್ತೆ ನಂಗೆ." ಮುಂದಿದ್ದ ಅಂಕಪಟ್ಟಿಯಲ್ಲಿ ಸೊನ್ನೆಯನ್ನು ಹೊಡೆದು ಪೂರ್ತಿ ಅಂಕ ಬರೆದು, ಪಕ್ಕದಲ್ಲಿ ಮೊಹರು ಒತ್ತಿದರು. "ಹೊರಗಿರೋ ಹುಡುಗ ಮುಂದಿನ ವರ್ಷ ಮತ್ತೆ ಮಾಡ್ಲಿ. ನೀನು ಹೋಗಮ್ಮ, ಒಳ್ಳೇ ಕೆಲಸ ಮಾಡಿದ್ದೀಯ."

ನೋಟ್‌ಬುಕ್ಕನ್ನು ಅವರು ತೆರೆದೂ ನೋಡಲಿಲ್ಲ.

ಗೆದ್ದಳಲ್ಲ! ಎದ್ದು ಬಗ್ಗಿ ನಮಸ್ಕರಿಸಿ ಹೊರಗೆ ಬಂದಿದ್ದರೆ ಮುಗಿಯುತ್ತಿತ್ತು. ಬಾಗಿಲ ಹಿಡಿಯ ಮೇಲೆ ಕೈಯನ್ನೂ ಇಟ್ಟಿದ್ದಳು. ಹೊರಗೆ ಸೊನ್ನೆ ತಗೊಂಡ ಸಾಂಗ್‌ಡೊ ನಿಂತಿದ್ದಾನೆ. ಕಾಣದ ಅಂಕಿ ಬರೆದದ್ದಕ್ಕೆ ಅವನಿಗೆ ಸೊನ್ನೆ. ಕಂಡ ಅಂಕಿಯನ್ನು ಹರಿದು ಜೇಬಿನಲ್ಲಿಟ್ಟುಕೊಂಡವಳಿಗೆ ಪೂರ್ತಿ ಅಂಕವೇ? ಮಿರಾನಳಿಗೆ ಮೈಯೆಲ್ಲ ಇರುವೆ ಹರಿದಂತಾಯಿತು. ವಾಪಸು ಬಂದು, ಮುದುಡಿದ ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಇಟ್ಟಳು.

ಪ್ರೊಫೆಸರ್ ಓದಿದರು. "ನೂರಿಪ್ಪತ್ತನಾಲ್ಕು. ಪುಡಿ ಒಣಗಿರಲಿಲ್ಲ. ಅಷ್ಟೇ ತಾನೇ? ಯಾಕೆ ಹರಿದೆ?"

"ಭಯ ಆಯ್ತು ಸಾರ್. ಇದನ್ನ ನೋಡಿದ್ರೆ ಯಾರೂ ನನ್ನ ನಂಬಲ್ಲ ಅನ್ನಿಸ್ತು."

"ಹರಿದ್ರೆ ಏನು ಅಂತ ಮೊದಲ್ನೇ ಪುಟದಲ್ಲಿದೆ. ಓದಿದ್ಯಾ?"

"ಓದಿದ್ದೀನಿ."

"ನಿನ್ನ ಮೇಲೆ ಎರಡು ಎಚ್ಚರಿಕೆ ಇದೆ ಅಂತ ಚಾಂಗ್‌ಗಿಲ್ ಹೇಳ್ದ."

"ಹೌದು ಸಾರ್."

ಮುದುಕರು ಪೆನ್ನು ಕೈಗೆತ್ತಿಕೊಂಡರು. ನನ್ನನ್ನು ಕೇಳಿದರೆ, ಹಾಳೆಯನ್ನು ಮಡಿಸಿ ಡ್ರಾಯರಿಗೆ ಹಾಕಿ ಹೋಗು ಮಗಳೇ ಎನ್ನಬೇಕಿತ್ತು. ಯಾವ ಆಕಾಶ ಕಳಚಿ ಬೀಳುತ್ತಿತ್ತು? ಅವರು ಅಂಥವರಲ್ಲ. ಒತ್ತಿದ ಮೊಹರಿನ ಮೇಲೆ ಗೀಟು ಎಳೆದು ಸೊನ್ನೆ ಬರೆದರು. "ನಿಯಮ ಬರೆದವನು ನಾನೇ ಕಣಮ್ಮ," ಎಂದರು, ಅವಳ ಮುಖ ನೋಡದೆ.

ಮೂರನೆಯ ಪತ್ರ ಜನವರಿಯಲ್ಲಿ ಬಂತು. ತಾಯಿ ಓದಿ, ಆಡಿದ ಮಾತಿನಂತೆ ಇನ್ನೊಂದು ಮಾತಾಡದೆ, ಇಸ್ತ್ರಿಪೆಟ್ಟಿಗೆಯ ಹಿಡಿಗೆ ಹೊಸ ಬಟ್ಟೆ ಸುತ್ತಿ ಮಗಳ ಕೈಗೆ ಕೊಟ್ಟಳು. ಆ ರಾತ್ರಿ ತಾಯಿ ಅತ್ತದ್ದು ಮಗಳಿಗೆ ಕೇಳಿಸಿತು. ಮಗಳೂ ಅತ್ತಳು.

ಒಂದು ವರ್ಷ ಅಂಗಡಿಯಲ್ಲಿ ದುಡಿದಳು. ಹಗಲೆಲ್ಲ ಹಬೆಯಲ್ಲಿ ಬೇಯುವುದು, ಸಂಜೆ ಹೈಸ್ಕೂಲಿನ ಹಳೇ ಪುಸ್ತಕ ಬಿಡಿಸುವುದು. ಬಸ್ಸು ಹತ್ತಿ ಕೊನೆಯ ನಿಲ್ದಾಣಕ್ಕೆ ಹೋಗಬೇಕೆಂದು ಕಾಲು ಎಷ್ಟೋ ಸಲ ಎಳೆಯಿತು. ಕೆಲವು ಸಲ ಹೋದಳು ಕೂಡ, ಪುಸ್ತಕ ಹಿಡಿದುಕೊಂಡು. ತನಗಿಂತ ಮೂರು ವರ್ಷ ಚಿಕ್ಕ ಮಕ್ಕಳ ಜೊತೆ ಮತ್ತೆ ಪ್ರವೇಶಕ್ಕೆ ಅರ್ಜಿ ಹಾಕಿದಳು. ಅದೇ ವಿಶ್ವವಿದ್ಯಾಲಯ, ಅದೇ ವಿಭಾಗ. "ಬೇರೆ ವಿಭಾಗ ಇಲ್ವೇನೇ ಲೋಕದಲ್ಲಿ?" ಎಂದಳು ತಾಯಿ. ಹಾಗೆಂದವಳೇ ಪರೀಕ್ಷೆಯ ದಿನ ಬೆಳಿಗ್ಗೆ, ಅಂಕ ಅಂಟಿಕೊಳ್ಳಲಿ ಎಂದು ಜಿಗುಟು ಮಿಠಾಯಿ ಬಾಯಿಗೆ ತುರುಕಿದಳು.

ಸಂದರ್ಶನದ ಮೇಜಿನ ಹಿಂದೆ ಮೂವರು ಕೂತಿದ್ದರು, ನಡುವೆ ಪ್ರೊಫೆಸರ್ ಮ್ಯಾಂಗ್. ಅರ್ಜಿಯ ಮೇಲಿನ ಹೆಸರು ನೋಡಿದರು, ಅವಳನ್ನು ನೋಡಿದರು, ಮತ್ತೆ ಹೆಸರು ನೋಡಿದರು.

"ಮತ್ತೆ ಬಂದ್ಯಾ?"

"ಬಂದೆ ಸಾರ್."

"ರಸಾಯನಶಾಸ್ತ್ರಾನೇ ಯಾಕೆ?" ಎಲ್ಲರನ್ನೂ ಕೇಳುವ ಪ್ರಶ್ನೆಯೇ.

ಬಾಯಿಪಾಠ ಮಾಡಿಕೊಂಡು ಬಂದಿದ್ದ ಉತ್ತರ ಮಿರಾನಳಿಗೆ ಮರೆತೇಹೋಯಿತು.

"ನಾನು ಹದಿನೇಳನೇ ಸೀಸೆ ಒಂದನ್ನೇ ಅಳೆದಿದ್ದು ಸಾರ್," ಎಂದಳು. "ಇನ್ನೂ ಇಪ್ಪತ್ತಮೂರು ಉಳಿದಿವೆ."

ಪಕ್ಕದ ಇಬ್ಬರಿಗೆ ಏನೂ ಅರ್ಥವಾಗಲಿಲ್ಲ. ಮ್ಯಾಂಗ್ ಕನ್ನಡಕ ತೆಗೆದು ಒರೆಸಿಕೊಂಡರು, ಮುಂದಿನವರನ್ನು ಕರೆಯಿರಿ ಎಂದರು. ಹತ್ತು ದಿನದ ಮೇಲೆ ಹಾಕಿದ, ಪ್ರವೇಶ ಸಿಕ್ಕವರ ಪಟ್ಟಿಯಲ್ಲಿ ಅವಳ ಹೆಸರು ಕೆಳಗಿನಿಂದ ಮೂರನೆಯದು. ಸಾಕಲ್ಲ.